ಹೆಸರು ಇಟ್ಟವರು ಯಾರು? ಹೊತ್ತವರು ಯಾರು?

ಜನಗಣತಿ ಮತ್ತೊಮ್ಮೆ ಮನೆಮಾತಾಗಿದೆ. 2021ರಲ್ಲಿ ನಡೆಯಬೇಕಾಗಿದ್ದ ಎಣಿಕೆ ಮುಂದಕ್ಕೆ ಹೋಗಿ, 2025ರ ಜೂನ್ 16ರಂದು ಹೊರಟ ಅಧಿಸೂಚನೆಯಂತೆ 2027ರ ಮಾರ್ಚ್ 1 ಅದರ ಉಲ್ಲೇಖ ದಿನವೆಂದು ಗೊತ್ತಾಗಿದೆ. 1931ರ ಬಳಿಕ ಮೊದಲ ಬಾರಿಗೆ ಎಲ್ಲ ಪ್ರಜೆಗಳ ಜಾತಿಯನ್ನೂ ಜನಗಣತಿಯಲ್ಲಿಯೇ ಬರೆದುಕೊಳ್ಳುವ ತೀರ್ಮಾನವೂ ಆಗಿದೆ. ಹೀಗಾಗಿ ಒಂದೇ ನಮೂನೆಯಲ್ಲಿ ಮಾತೃಭಾಷೆಯ ಕಾಲಮೂ ಜಾತಿಯ ಕಾಲಮೂ ಅಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ.

ಮಾತೃಭಾಷೆಯ ಕಾಲಮಿನ ಬೆಲೆ ಏನೆಂಬುದನ್ನು ಗಡಿನಾಡಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಯ ತರಗತಿ, ಕಚೇರಿಯ ಅರ್ಜಿ ನಮೂನೆ, ನ್ಯಾಯಬೆಲೆ ಅಂಗಡಿಯ ಫಲಕ, ಇವೆಲ್ಲದರ ಹಿಂದೆ ಆ ಕಾಲಮಿನ ಲೆಕ್ಕವಿದೆ. ಆದರೆ ಆ ಲೆಕ್ಕ ಬರಿಯ ಸಂಖ್ಯೆಯ ವಿಚಾರವಲ್ಲ. ಒಬ್ಬ ಮನುಷ್ಯನಿಗೆ ಯಾವ ಹೆಸರು ಸಲ್ಲುತ್ತದೆ, ಆ ಹೆಸರನ್ನು ಇಡುವ ಹಕ್ಕು ಯಾರದು ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ. ಈ ಪ್ರಶ್ನೆಯನ್ನು ನಮ್ಮ ಮಂಜೇಶ್ವರದಲ್ಲಿ ನಿಂತು ನೋಡುವುದಕ್ಕಿಂತ ಕನ್ನಡದ ಇನ್ನೊಂದು ಅಂಚಿನಲ್ಲಿ, ನೀಲಗಿರಿಯ ಮಂಜೂರಿನಲ್ಲಿ ನಿಂತು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ.

ದಿಕ್ಕೇ ಹೆಸರಾದದ್ದು

ಮಂಜೂರು ಉದಕಮಂಡಲದಿಂದ ತೆಂಕು-ಪಡುವಣಕ್ಕೆ, ಕುಂದಾ ತಾಲೂಕಿನಲ್ಲಿರುವ ಬೆಟ್ಟದ ಊರು. ಸುತ್ತಲೂ ಚಹಾ ತೋಟ. ಕೊಲಂಬೊ ಯೋಜನೆಯಡಿ ಕೆನಡಾದ ನೆರವಿನಿಂದ ಕಟ್ಟಿದ ಕುಂದಾ ಜಲವಿದ್ಯುತ್ ಕೇಂದ್ರಗಳು ಇರುವುದು ಈ ಸೀಮೆಯಲ್ಲಿ. ಬೆಟ್ಟದ ಒಂದು ಮಗ್ಗುಲಿಗೆ ಕೊಯಮತ್ತೂರಿನ ಬಯಲು, ಇನ್ನೊಂದು ಮಗ್ಗುಲಿಗೆ ಕೇರಳದ ಪಾಲಕ್ಕಾಡು. ಸುತ್ತಣ ಊರುಗಳನ್ನು ಅಲ್ಲಿಯವರು ‘ಹಟ್ಟಿ’ ಎನ್ನುತ್ತಾರೆ. ಹಟ್ಟಿಗಳಲ್ಲಿ ಇರುವವರು ಬಹುಪಾಲು ಬಡಗರು. ಇದು ಅವರ ನಾಲ್ಕು ನಾಡುಗಳಲ್ಲಿ ಒಂದಾದ ಕುಂದೆ ನಾಡು.

‘ಬಡಗ’ ಎಂದರೇನು? ಯಕ್ಷಗಾನ ನೋಡಿ ಬೆಳೆದ ನಮ್ಮ ಮಕ್ಕಳಿಗೂ ಗೊತ್ತು. ತೆಂಕುತಿಟ್ಟು ನಮ್ಮದು, ಬಡಗುತಿಟ್ಟು ಕುಂದಾಪುರದ ಕಡೆಯದು. ಬಡಗು ಎಂದರೆ ಉತ್ತರ ದಿಕ್ಕು. ಬಡಗ ಎಂದರೆ ಉತ್ತರದಿಂದ ಬಂದವನು. ವಿಜಯನಗರ 1565ರಲ್ಲಿ ಸೋತ ಮೇಲೆ ಮೈಸೂರಿನ ತೆಂಕಣ ಸೀಮೆಯಿಂದ ಗುಂಪು ಗುಂಪಾಗಿ ಬೆಟ್ಟ ಹತ್ತಿದವರ ಸಂತತಿ ಇವರು ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದಿರುವ ಇತಿಹಾಸ. ಇವರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಪಾಲ್ ಹಾಕಿಂಗ್ಸ್ 1980ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ಅವರನ್ನು ಪ್ರಾಚೀನ ಹಿಂದೂ ನಿರಾಶ್ರಿತರೆಂದು ಕರೆದರು. 1603ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿದ ಫೆನಿಸಿಯೊ ಎಂಬ ಜೆಸುಯಿಟ್ ಪಾದ್ರಿ ತೊದವರ ಜತೆಗೆ ಬಡಗರ ಊರುಗಳನ್ನೂ ಕಂಡು ಬರೆದಿದ್ದಾನೆ. ಎಂದರೆ ಕಡಮೆಯೆಂದರೂ ನಾಲ್ಕು ಶತಮಾನದಿಂದ ಅವರು ಅಲ್ಲಿದ್ದಾರೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತನ್ನ ಊರಿನಲ್ಲಿ ಇರುವವನು ತನ್ನನ್ನು ‘ಉತ್ತರದವನು’ ಎಂದು ಕರೆದುಕೊಳ್ಳುವುದಿಲ್ಲ. ಅದು ಎದುರಿಗೆ ನಿಂತವನು ಕೊಡುವ ಹೆಸರು. ನಾಲ್ಕು ನೂರು ವರ್ಷ ಉತ್ತು ಬಿತ್ತಿದ ಮೇಲೂ ಹೆಸರು ಮಾತ್ರ ‘ಬಂದವರು’ ಎಂದೇ ಉಳಿಯಿತು. ನಮ್ಮ ಕತೆ ಇದರ ತಿರುವುಮುರುವು. ಕಾಸರಗೋಡಿನ ಕನ್ನಡಿಗ ಎಲ್ಲಿಗೂ ಹೋಗಲಿಲ್ಲ, ಎಲ್ಲಿಂದಲೂ ಬರಲಿಲ್ಲ. 1956ರ ನವೆಂಬರ್ 1ರಂದು ಗಡಿ ಸರಿಯಿತು. ಆದರೂ ‘ನೀವು ಕರ್ನಾಟಕದವರಲ್ಲವೆ?’ ಎಂಬ ಪ್ರಶ್ನೆಯನ್ನು ನಾವು ಕೇಳಿಸಿಕೊಳ್ಳುತ್ತೇವೆ. ಅವರು ಕದಲಿದರು, ಹೆಸರು ಕದಲಲಿಲ್ಲ. ನಾವು ಕದಲಲಿಲ್ಲ, ಹೆಸರು ಕದಲಿತು. ಅದೇ 1956ರ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ ಬಂತು, ನೀಲಗಿರಿ ಮದ್ರಾಸಿನಲ್ಲಿಯೇ ಉಳಿಯಿತು. ಮೂರೂ ಕಡೆಯ ಜನ ಮನೆಯಲ್ಲಿ ಆಡುತ್ತಿದ್ದ ಮಾತನ್ನೇ ಆಡುತ್ತಿದ್ದರು. ಅವರಿಗೆ ಸಿಕ್ಕಿದ ಹೆಸರುಗಳು ಮಾತ್ರ ಬೇರೆ ಬೇರೆ.

ಭಾಷೆಯಿಂದ ರಕ್ತಕ್ಕೆ

ಬಡಗರ ಮಾತಿಗೂ ಕನ್ನಡಕ್ಕೂ ಇರುವ ನಂಟು ಕಿವಿಗೆ ಬಿದ್ದೊಡನೆ ತಿಳಿಯುವಂಥದು. ಹಟ್ಟಿ, ಹಬ್ಬ, ಹಾಲು ಎಲ್ಲವೂ ನಮ್ಮವೇ. ಅವರ ಕುಲದೇವಿ ‘ಹೆತ್ತೆ’, ಅಜ್ಜಿ ಎಂಬರ್ಥದ ಮಾತು. ಆದರೂ ಬಡಗದ ಸ್ವರಗಳಲ್ಲಿ ಕನ್ನಡಕ್ಕೆ ಇಲ್ಲದ, ನಾಲಗೆಯನ್ನು ಹಿಂದಕ್ಕೆ ಮಡಚಿ ನುಡಿಯುವ ಬಗೆಯೊಂದಿದೆ. ಇದನ್ನು ಎಮೆನೋ ಎಂಬ ಭಾಷಾವಿಜ್ಞಾನಿ 1939ರಲ್ಲಿಯೇ ವಿವರಿಸಿದ್ದರು. ಗ್ರಿಯರ್ಸನ್ನರ ಭಾಷಾ ಸರ್ವೇಕ್ಷಣೆ ಬಡಗವನ್ನು ಕನ್ನಡದ ಉಪಭಾಷೆಯಾಗಿ ಗಣಿಸಿತು. ಅದು ಸ್ವತಂತ್ರ ಭಾಷೆಯೇ ಸರಿ ಎನ್ನುವ ವಿದ್ವಾಂಸರೂ ಇದ್ದಾರೆ, ಬಡಗರಲ್ಲಿ ಅನೇಕರ ಅಭಿಪ್ರಾಯವೂ ಅದೇ. 2011ರ ಜನಗಣತಿಯ ಪಟ್ಟಿಯಲ್ಲಿ ಕನ್ನಡ ಎಂಬ ದೊಡ್ಡ ತಲೆಬರಹದ ಅಡಿಯಲ್ಲಿ 4,37,06,512 ಜನರಿದ್ದಾರೆ. ಅದರೊಳಗೆ ‘ಬಡಗ’ ಎಂದು ಬೇರೆಯಾಗಿ ಬರೆಸಿದವರು 1,33,550. ಅವರು ಬರೆಸಿದ್ದು ಬಡಗ, ಕಚೇರಿ ಕೂಡಿಸಿದ್ದು ಕನ್ನಡಕ್ಕೆ.

ಇಷ್ಟರ ಮಟ್ಟಿಗೆ ಇದು ಭಾಷೆಯ ವಿಚಾರ. ಭಾಷೆಯ ವಿಚಾರ ರಕ್ತದ ವಿಚಾರವಾಗಿ ತಿರುಗಿದ್ದು ಹೇಗೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1816ರಲ್ಲಿ ಮದ್ರಾಸಿನ ಎಲ್ಲಿಸ್ ಎಂಬ ಅಧಿಕಾರಿ ತಮಿಳು, ತೆಲುಗು, ಕನ್ನಡ ಮುಂತಾದವು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಒಂದು ಮನೆತನವೆಂದು ತೋರಿಸಿದ. 1856ರಲ್ಲಿ ಕಾಲ್ಡ್‌ವೆಲ್ ಪಾದ್ರಿ ಆ ಮನೆತನಕ್ಕೆ ‘ದ್ರಾವಿಡ’ ಎಂಬ ಹಳೆಯ ಸಂಸ್ಕೃತ ಶಬ್ದವನ್ನು ಆರಿಸಿ ಹೆಸರಿಟ್ಟ. ಇದು ವ್ಯಾಕರಣದ ಹೆಸರು. ವಿಭಕ್ತಿ ಪ್ರತ್ಯಯಗಳನ್ನು, ಸಂಖ್ಯಾವಾಚಕಗಳನ್ನು ಹೋಲಿಸಿ ಕಂಡುಕೊಂಡದ್ದು. ಆದರೆ ಹತ್ತಿಪ್ಪತ್ತು ವರ್ಷಗಳೊಳಗೆ ಜನ ‘ಆರ್ಯ ರಕ್ತ’, ‘ದ್ರಾವಿಡ ರಕ್ತ’ ಎಂದು ಮಾತನಾಡತೊಡಗಿದರು. ‘ಆರ್ಯ’ ಶಬ್ದವನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಮುಲ್ಲರರೇ 1888ರಲ್ಲಿ, ಅದು ಭಾಷೆಗೆ ಮಾತ್ರ ಸಲ್ಲುವ ಹೆಸರು, ರಕ್ತಕ್ಕೂ ತಲೆಬುರುಡೆಗೂ ಅಂಟಿಸುವಂಥದಲ್ಲ ಎಂದು ಎಚ್ಚರಿಸಬೇಕಾಯಿತು. ಎಚ್ಚರಿಕೆಯನ್ನು ಕೇಳಿದವರು ಕಡಮೆ.

ಕೇಳದವರ ಕೈಗೆ ಅಳತೆಗೋಲು ಸಿಕ್ಕಿತು. 1901ರ ಜನಗಣತಿಯ ಕಮಿಷನರಾಗಿದ್ದ ರಿಸ್ಲಿ, ಮೂಗಿನ ಅಗಲವನ್ನು ಅದರ ಉದ್ದಕ್ಕೆ ಹೋಲಿಸಿ ಬರುವ ಸಂಖ್ಯೆಯಿಂದ ಜನರ ಜನಾಂಗವನ್ನೂ ಸಾಮಾಜಿಕ ಸ್ಥಾನವನ್ನೂ ನಿರ್ಧರಿಸಬಹುದೆಂದು ನಂಬಿದ್ದ. ಮದ್ರಾಸ್ ಸರಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಇದೇ ಸಲಕರಣೆ ಹಿಡಿದು ನೀಲಗಿರಿಯಲ್ಲಿ ಅಲೆದ. ತೊದವರನ್ನೂ ಕೋತರನ್ನೂ ಕುರಿತು ಅವನು 1896ರಲ್ಲಿ ಪ್ರಕಟಿಸಿದ ಬರಹ ಪ್ರಸಿದ್ಧವಾಯಿತು. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ದಕ್ಷಿಣದ ಜಾತಿಗಳೂ ಬುಡಕಟ್ಟುಗಳೂ ಅಕಾರಾದಿಯಲ್ಲಿ ಸಾಲುಗೊಂಡವು. ಬೆಟ್ಟಕ್ಕೆ ಬಂದ ಐರೋಪ್ಯರು ತೊದವರ ಗಡ್ಡ, ನಿಲುವುಗಳನ್ನು ಕಂಡು ಇವರು ಇಸ್ರಾಯೇಲಿನ ಕಳೆದುಹೋದ ಕುಲದವರೋ ರೋಮನರೋ ಎಂದು ಊಹೆ ಕಟ್ಟಿದರು. ತೊದವರನ್ನು ಕೇಳಿ ಕಟ್ಟಿದ ಊಹೆ ಅದಲ್ಲ.

ಇಂದು ಆ ಮೂಗಿನ ಲೆಕ್ಕವನ್ನು ವಿಜ್ಞಾನಿಗಳು ಯಾರೂ ನಂಬುವುದಿಲ್ಲ. ಒಂದು ಊರಿನೊಳಗಿನ ಇಬ್ಬರ ನಡುವೆ ಇರುವಷ್ಟು ವ್ಯತ್ಯಾಸ ಎರಡು ‘ಜನಾಂಗ’ಗಳ ಸರಾಸರಿಯ ನಡುವೆಯೂ ಇರಲಾರದೆಂದು ಅನುವಂಶಶಾಸ್ತ್ರ ತೋರಿಸಿದೆ. ಆದರೆ ಅಳತೆಗೋಲು ಹೋದರೂ ಅದು ಬರೆದಿಟ್ಟ ಪಟ್ಟಿ ಹೋಗಲಿಲ್ಲ. ಇವರು ಮೂಲನಿವಾಸಿಗಳು, ಇವರು ಬಂದವರು, ಇವರು ಆದಿಮರು, ಇವರು ನಾಗರಿಕರು ಎಂಬ ವಿಂಗಡಣೆ ಕಚೇರಿಯ ಕಪಾಟಿನಲ್ಲಿ ಉಳಿಯಿತು.

ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ. ತೊದವರ ಹಾಲು ತುಪ್ಪ, ಕೋತರ ಮಡಕೆ, ಕಬ್ಬಿಣದ ಕೆಲಸ ಮತ್ತು ವಾದ್ಯ, ಕುರುಂಬರ ಕಾಡುತ್ಪತ್ತಿ, ಬಡಗರ ಧಾನ್ಯ, ಹೀಗೆ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡು ಬಾಳಿದ್ದು ನಿಜ. ಅದರೊಳಗೆ ಮೇಲು ಕೀಳೂ ಇತ್ತು. ಮಾಟ ಮಾಡುವವರೆಂಬ ಹೆಸರು ಹೊತ್ತ ಕುರುಂಬರನ್ನು 19ನೆಯ ಶತಮಾನದಲ್ಲಿ ಹಲವು ಸಲ ಗುಂಪುಗೂಡಿ ಕೊಂದದ್ದು ದಾಖಲೆಯಲ್ಲಿದೆ. ಹೆಸರು ಕೊಲ್ಲಬಲ್ಲುದು ಎಂಬುದಕ್ಕೆ ಪರದೇಶದ ಉದಾಹರಣೆ ಬೇಕಾಗಿಲ್ಲ. ಆ ಹೆಸರನ್ನು ಬಿಳಿಯರು ಇಟ್ಟದ್ದೂ ಅಲ್ಲ, ನೆರೆಯವರೇ ಇಟ್ಟದ್ದು.

ಹಕ್ಕಿಗೆ ‘ಆದಿಮ’ನಾಗಬೇಕೆ?

ಸ್ವಾತಂತ್ರ್ಯದ ಬಳಿಕ 1950ರಲ್ಲಿ ಅನುಸೂಚಿತ ಬುಡಕಟ್ಟುಗಳ ಪಟ್ಟಿ ಬಂತು. ಇಂದು ನೀಲಗಿರಿಯ ತೊದವ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯ್ಕನ್ ಎಂಬ ಆರು ಸಮುದಾಯಗಳು ಆ ಪಟ್ಟಿಯಲ್ಲಿವೆ. ಬಡಗರು ಇಲ್ಲ. ಅವರು ತಮಿಳುನಾಡಿನ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದಾರೆ. ಬ್ರಿಟಿಷರ ಕಾಲದ ಗಣತಿಯಲ್ಲಿ ತಮ್ಮನ್ನು ಬುಡಕಟ್ಟಿನವರೆಂದು ಎಣಿಸಿದ್ದರು, ಆಮೇಲೆ ಬಿಟ್ಟುಬಿಟ್ಟರು, ಮತ್ತೆ ಸೇರಿಸಬೇಕು ಎಂಬುದು ಬಡಗ ಸಂಘಟನೆಗಳು ದಶಕಗಳಿಂದ ಮುಂದಿಡುತ್ತಿರುವ ಬೇಡಿಕೆ. ತಾವು ಎಲ್ಲಿಂದಲೂ ಬಂದವರಲ್ಲ, ಬೆಟ್ಟದ ಮೂಲದವರೇ ಎಂದು ವಾದಿಸುವವರೂ ಈಗ ಅವರಲ್ಲಿದ್ದಾರೆ. 1990ರ ದಶಕದ ಕೊನೆಯಲ್ಲಿ ಹಸಿರೆಲೆಯ ಬೆಲೆ ಕುಸಿದು ಸಣ್ಣ ಚಹಾ ಬೆಳೆಗಾರರ ಬದುಕು ಅಲ್ಲಾಡಿದ ಮೇಲೆ ಬೇಡಿಕೆಗೆ ಇನ್ನಷ್ಟು ಬಲ ಬಂತು. ಸಂಖ್ಯೆಯಲ್ಲಿ ದೊಡ್ಡವರೂ ವಿದ್ಯೆಯಲ್ಲಿ ಮುಂದಾದವರೂ ಪಟ್ಟಿಗೆ ಬಂದರೆ ತಮ್ಮ ಪಾಲಿನ ಗತಿಯೇನು ಎಂಬ ಅಳುಕು ಚಿಕ್ಕ ಸಮುದಾಯಗಳಿಗೆ ಹುಟ್ಟುವುದು ಸಹಜ. ತೊದವರ ಜನಸಂಖ್ಯೆ ಕೆಲವು ಸಾವಿರವನ್ನೂ ಮೀರದು. ಎರಡೂ ಕಡೆಯ ಮಾತಿನಲ್ಲಿ ತಥ್ಯವಿದೆ.

ಬೇಡಿಕೆ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ತೀರ್ಮಾನಿಸುವ ಅಳತೆ ಯಾವುದೆಂದು ನೋಡೋಣ. 1965ರಲ್ಲಿ ಲೋಕೂರ್ ಸಮಿತಿ ಐದು ಲಕ್ಷಣಗಳನ್ನು ಹೇಳಿತು: ಆದಿಮ ಲಕ್ಷಣ, ಪ್ರತ್ಯೇಕ ಸಂಸ್ಕೃತಿ, ಭೌಗೋಳಿಕವಾಗಿ ದೂರ ಉಳಿದಿರುವುದು, ಹೊರಗಿನವರೊಡನೆ ಬೆರೆಯುವುದಕ್ಕೆ ಸಂಕೋಚ, ಹಿಂದುಳಿದಿರುವಿಕೆ. ಅರ್ಧ ಶತಮಾನ ಕಳೆದ ಮೇಲೂ ಕಡತಗಳು ಈ ಅಳತೆಯಲ್ಲಿಯೇ ನಡೆದವು. ತಮ್ಮ ಸಮುದಾಯದಲ್ಲಿ ಪದವೀಧರರೂ ವೈದ್ಯರೂ ಇದ್ದಾರೆಂದು ಒಂದು ಸಭೆಯಲ್ಲಿ ಹೆಮ್ಮೆಪಡುವವರು, ಇನ್ನೊಂದು ಅರ್ಜಿಯಲ್ಲಿ ತಮಗೆ ಆದಿಮ ಲಕ್ಷಣವಿದೆ, ನಾಚಿಕೆಯಿದೆ ಎಂದು ರುಜುವಾತು ಮಾಡಬೇಕಾಗುತ್ತದೆ. ನ್ಯಾಯ ಬೇಕಾದರೆ ಮೊದಲು ಅವಮಾನದ ಹೆಸರಿಗೆ ಸಹಿ ಹಾಕು ಎಂದಂತಾಯಿತು.

ಸರಕಾರಕ್ಕೂ ಈ ಶಬ್ದದ ಕಹಿ ತಿಳಿಯದೆ ಹೋಗಲಿಲ್ಲ. 1975ರಲ್ಲಿ ‘ಆದಿಮ ಬುಡಕಟ್ಟು ಗುಂಪು’ ಎಂದು ಶುರುವಾದ ವರ್ಗವನ್ನು 2006ರಲ್ಲಿ ‘ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಗುಂಪು’ ಎಂದು ಬದಲಿಸಿದರು. ನೀಲಗಿರಿಯ ಆ ಆರೂ ಸಮುದಾಯಗಳು, ನಮ್ಮ ಕಾಸರಗೋಡಿನ ಕೊರಗರು ಈ ವರ್ಗದಲ್ಲಿದ್ದಾರೆ. ‘ಆದಿಮ’ ಎಂದರೆ ಕೊರತೆ ಅವರ ಸ್ವಭಾವದಲ್ಲಿದೆ ಎಂದಾಗುತ್ತದೆ, ‘ದುರ್ಬಲ’ ಎಂದರೆ ಅವರನ್ನು ಆ ಸ್ಥಿತಿಗೆ ತಂದದ್ದು ಬೇರೆ ಯಾವುದೋ ಎಂದಾಗುತ್ತದೆ. ಶಬ್ದ ಬದಲಾದರೆ ಹೊಟ್ಟೆ ತುಂಬದು, ನಿಜ. ಆದರೆ ತಪ್ಪು ಯಾರದು ಎಂಬುದರ ಬೊಟ್ಟು ಬೇರೆ ಕಡೆಗೆ ತಿರುಗುತ್ತದೆ. ಅಷ್ಟೂ ಸಣ್ಣ ಸಂಗತಿಯಲ್ಲ.

ನಮ್ಮ ಅಂಗಳದ ಉದಾಹರಣೆ

ಪಟ್ಟಿಯ ಒಂದು ಶಬ್ದಕ್ಕೆ ಎಷ್ಟು ಬಲವಿದೆ ಎಂಬುದನ್ನು ಕಾಸರಗೋಡು ಕಣ್ಣಾರೆ ಕಂಡಿದೆ. ಇಲ್ಲಿಯ ಮರಾಟಿ ಸಮುದಾಯ ಅನುಸೂಚಿತ ಬುಡಕಟ್ಟಿನ ಪಟ್ಟಿಯಲ್ಲಿತ್ತು. ಸಂಸತ್ತು 2002ರಲ್ಲಿ ಒಪ್ಪಿ 2003ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಅವರನ್ನು ಕೇರಳದ ಪಟ್ಟಿಯಿಂದ ತೆಗೆಯಿತು. ತಲಪಾಡಿಯ ಗಡಿ ದಾಟಿದರೆ ಅದೇ ಮನೆತನ, ಅದೇ ಮದುವೆ ಸಂಬಂಧ, ಅಲ್ಲಿ ದಕ್ಷಿಣ ಕನ್ನಡದ ಮರಾಟಿಗಳು ಪಟ್ಟಿಯಲ್ಲಿಯೇ ಉಳಿದರು. ಅಣ್ಣ ಬುಡಕಟ್ಟಿನವನು, ತಮ್ಮ ಅಲ್ಲ ಎಂಬ ಸ್ಥಿತಿ. 2013ರ ಜನವರಿಯಲ್ಲಿ ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ಮರಾಟಿಗಳನ್ನು ಮತ್ತೆ ಸೇರಿಸಿದ ಕಾನೂನು ಬರುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಆ ಹತ್ತು ವರ್ಷದಲ್ಲಿ ಕಾಲೇಜಿಗೆ ಅರ್ಜಿ ಹಾಕುವ ಪ್ರಾಯದಲ್ಲಿದ್ದ ಮಕ್ಕಳಿಗೆ ಆ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ಅವರ ರಕ್ತ ಬದಲಾಗಿತ್ತೆ? ಇಲ್ಲ. ಅಚ್ಚಿನ ಒಂದು ಸಾಲು ಬದಲಾಗಿತ್ತು.

ಮರಾಟಿಗಳನ್ನು ತೆಗೆದ ಅದೇ ತಿದ್ದುಪಡಿಯೇ ಉತ್ತರ ಕನ್ನಡದ ಸಿದ್ದಿಗಳನ್ನು ಕರ್ನಾಟಕದ ಪಟ್ಟಿಗೆ ಸೇರಿಸಿತು. ಸಿದ್ದಿಗಳ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಹಲವರು ಗುಲಾಮರಾಗಿ ಬಂದವರು. ಇಂದು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಕೊಂಕಣಿ, ಕನ್ನಡ ಆಡಿಕೊಂಡು ಬಾಳುತ್ತಿದ್ದಾರೆ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಆ ಸ್ಥಾನ ದೊರೆತದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಚ್ಚ ಕನ್ನಡದಲ್ಲಿ ಮಾತನಾಡುವ ಸಿದ್ದಿಯನ್ನು ಪೇಟೆಯಲ್ಲಿ ‘ಯಾವ ದೇಶ ನಿಮ್ಮದು?’ ಎಂದು ಕೇಳುವವರು ಇನ್ನೂ ಇದ್ದಾರೆ. ರಾಷ್ಟ್ರೀಯತೆಯನ್ನು ನಾವು ಮಾತಿನಲ್ಲಿ ಅಳೆಯುವುದಿಲ್ಲ, ಕೂದಲಿನಲ್ಲಿ ಅಳೆಯುತ್ತೇವೆ ಎಂದಾಯಿತು.

ನೀಲಗಿರಿಗೆ ಮರಳಿದರೆ, ಅಲ್ಲಿ ಇನ್ನೊಂದು ಬಗೆಯ ಹೆಸರಿನ ಭಾರವಿದೆ. ಬ್ರಿಟಿಷರು ಸಿಲೋನಿನ ಚಹಾ ತೋಟಗಳಿಗೆ ಕೊಂಡೊಯ್ದ ತಮಿಳರನ್ನು 1948ರ ಅಲ್ಲಿಯ ಪೌರತ್ವ ಕಾನೂನು ಯಾವ ದೇಶದವರೂ ಅಲ್ಲದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಲೋನೂ ತಮ್ಮವರೆಂದು ಒಪ್ಪಬೇಕಾಯಿತು. ಉಳಿದ 1,50,000 ಜನರನ್ನು 1974ರಲ್ಲಿ ಸಮಪಾಲು ಮಾಡಿಕೊಂಡರು. ಬಂದವರಿಗೆ ಕೆಲಸ ಕೊಡಲೆಂದು ತಮಿಳುನಾಡು ಸರಕಾರ 1968ರಲ್ಲಿ ಚಹಾ ತೋಟಗಳನ್ನು ಆರಂಭಿಸಿತು. ಗೂಡಲೂರು, ಪಂದಲೂರು, ಕೋತಗಿರಿ ಕಡೆ ಹೀಗೆ ನೆಲೆಸಿದವರು ಅನೇಕರು. ಅಲ್ಲಿ ಅವರು ‘ಭಾರತದವರು’, ಇಲ್ಲಿ ಅವರು ‘ಸಿಲೋನಿನವರು’. ಒಪ್ಪಂದದ ಪ್ರಕಾರ ಪ್ರಜೆಗಳಾಗಿ ಬಂದವರನ್ನೂ ‘ಅಗದಿ’, ಅಂದರೆ ನಿರಾಶ್ರಿತರು ಎಂದು ಕರೆದದ್ದುಂಟು. ಭಾಷೆ ತಮಿಳು, ರಾಜ್ಯ ತಮಿಳುನಾಡು, ಚರ್ಮದ ಬಣ್ಣದಲ್ಲಿಯೂ ಬೇರೆತನವಿಲ್ಲ. ಆದರೂ ಪರಕೀಯರು. ಒಂದೇ ಭಾಷೆಯವರಾದರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬುವವರು ಈ ಉದಾಹರಣೆಯನ್ನು ಮರೆಯಬಾರದು.

ದೊಡ್ಡ ದೇಶಗಳ ಗಣತಿಯೂ ಇದಕ್ಕಿಂತ ಜಾಣತನದ್ದೇನಲ್ಲ. ಅಮೆರಿಕದ 1920, 1930, 1940ರ ಜನಗಣತಿಗಳಲ್ಲಿ ‘ಹಿಂದೂ’ ಎಂಬುದು ಒಂದು ಜನಾಂಗದ ಹೆಸರು. ಸಿಖ್ಖರನ್ನೂ ಮುಸಲ್ಮಾನರನ್ನೂ ಅದರಡಿಯಲ್ಲಿಯೇ ಬರೆದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರು ವಿದ್ವಾಂಸರ ವರ್ಗೀಕರಣದಂತೆ ತಾನು ಬಿಳಿಯರ ಮೂಲಜನಾಂಗಕ್ಕೇ ಸೇರಿದವನೆಂದು ವಾದಿಸಿದಾಗ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲ ಎಂದು ಪೌರತ್ವವನ್ನು ನಿರಾಕರಿಸಿತು. ವಿಜ್ಞಾನ ಅನುಕೂಲವಾದಾಗ ವಿಜ್ಞಾನ, ಅನುಕೂಲವಲ್ಲದಾಗ ಲೋಕರೂಢಿ. ಆ ಅನ್ಯಾಯವನ್ನು ನೆನೆದು ನಾವು ಕೋಪಗೊಳ್ಳುತ್ತೇವೆ. ಆದರೆ 2012ರ ಆಗಸ್ಟಿನಲ್ಲಿ ಈಶಾನ್ಯ ಭಾರತದ ಸಾವಿರಾರು ಯುವಕ ಯುವತಿಯರು ವದಂತಿಗೆ ಬೆದರಿ ಬೆಂಗಳೂರಿನ ರೈಲುನಿಲ್ದಾಣದಲ್ಲಿ ತುಂಬಿ ನಿಂತಾಗ, ಅದಕ್ಕೂ ಮೊದಲು ಅವರನ್ನು ಬೀದಿಬೀದಿಗಳಲ್ಲಿ ‘ಚೀನಾದವರು’, ‘ನೇಪಾಳಿಗಳು’ ಎಂದು ಕರೆದಿದ್ದ ಮಾತುಗಳು ಅವರ ಬೆನ್ನ ಹಿಂದೆ ಇದ್ದವು.

‘ಜನಾಂಗ’ ಎಂಬ ಸಡಿಲ ಶಬ್ದ

ಇಲ್ಲಿ ಪತ್ರಿಕೆಗಳ ಕನ್ನಡವನ್ನೂ ಪರೀಕ್ಷಿಸಬೇಕು. ನಾವು ‘ಜನಾಂಗ’ ಎಂಬ ಒಂದೇ ಶಬ್ದವನ್ನು ಎಷ್ಟು ಕೆಲಸಕ್ಕೆ ಹಚ್ಚುತ್ತೇವೆ ನೋಡಿ. ದಕ್ಷಿಣ ಆಫ್ರಿಕಾದ ವರ್ಣಭೇದವನ್ನು ಬರೆಯುವಾಗ ಜನಾಂಗ, ಒಂದು ಜಾತಿಯ ಸಮಾವೇಶದ ಸುದ್ದಿಯಲ್ಲಿಯೂ ಜನಾಂಗ, ಕೊರಗರನ್ನು ಕುರಿತು ಬರೆಯುವಾಗ ಬುಡಕಟ್ಟು ಜನಾಂಗ, ‘ಯುವಜನಾಂಗ’ ಎಂದರೆ ತಲೆಮಾರು. ಹೀಗೆ ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಸುರಿದಾಗ ಜಾತಿ ಎಂಬುದು ಹುಟ್ಟಿನಿಂದ ಬಂದ ರಕ್ತದ ಬೇರೆತನ ಎಂಬ ಭಾವನೆ ನಮಗೆ ತಿಳಿಯದಂತೆಯೇ ಗಟ್ಟಿಯಾಗುತ್ತದೆ. 2001ರ ಡರ್ಬಾನ್ ಸಮ್ಮೇಳನದಲ್ಲಿ ಜಾತಿ ಎಂಬುದು ಜನಾಂಗವಲ್ಲ ಎಂದು ಭಾರತ ಸರಕಾರ ವಾದಿಸಿತು. ಜೀವಶಾಸ್ತ್ರದ ದೃಷ್ಟಿಯಿಂದ ಆ ಮಾತು ಸರಿಯೇ. ಆದರೆ ಜಾತಿಯ ನೋವು ಜನಾಂಗಭೇದದ ನೋವಿಗಿಂತ ಕಡಮೆಯೆಂದು ಅದರಿಂದ ಸಿದ್ಧವಾಗುವುದಿಲ್ಲ.

ಜಾತಿಗೆ ಜಾತಿ ಎನ್ನೋಣ, ಸಮುದಾಯಕ್ಕೆ ಸಮುದಾಯ ಎನ್ನೋಣ, ಭಾಷಿಕರಿಗೆ ಭಾಷಿಕರು ಎನ್ನೋಣ. ‘ಒಬ್ಬ ಕೊರಗ ಬಂದಿದ್ದಾನೆ’ ಎಂದು ಸಾರುವ ನಾಲಗೆ ‘ಒಬ್ಬರು ಭಟ್ಟರು ಬಂದಿದ್ದಾರೆ’ ಎಂದು ತಾನಾಗಿ ಬಹುವಚನಕ್ಕೆ ತಿರುಗುತ್ತದಲ್ಲ, ಆ ಒಂದು ಪ್ರತ್ಯಯದಲ್ಲಿ ಥರ್ಸ್ಟನ್ನನ ಅಳತೆಗೋಲಿಗಿಂತ ಹಳೆಯದಾದ ಅಳತೆಗೋಲು ಇದೆ. ಕರ್ನಾಟಕ ಸರಕಾರ 2000ದಲ್ಲಿ ಕೊರಗರ ಮೇಲೆ ಹೇರುತ್ತಿದ್ದ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿತು. ಏಕವಚನವನ್ನು ನಿಷೇಧಿಸುವ ಕಾನೂನು ಎಲ್ಲಿಯೂ ಬರಲಾರದು. ಅದು ಮನೆಗಳಲ್ಲಿ ಆಗಬೇಕಾದ ಕೆಲಸ.

‘ನಮ್ಮವರು’ ಎಂಬ ಹಕ್ಕು

ಕೊನೆಯದಾಗಿ, ಕನ್ನಡಿಗರಾದ ನಮಗೆ ಹೆಚ್ಚು ಹತ್ತಿರದ, ಆದ್ದರಿಂದಲೇ ಹೆಚ್ಚು ಕಷ್ಟದ ಮಾತು. ಕನ್ನಡದ ಸಭೆಗಳಲ್ಲಿ ನೀಲಗಿರಿಯ ಪ್ರಸ್ತಾಪ ಬಂದಾಗ ‘ಬಡಗರು ನಮ್ಮವರೇ, ಅವರದು ಹಳಗನ್ನಡವೇ’ ಎಂಬ ಮಾತು ಕೇಳಿಬರುವುದುಂಟು. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಮಂಜೂರಿನ ಹಟ್ಟಿಯವರು ತಮ್ಮ ಭಾಷೆಯ ಹೆಸರು ಬಡಗ ಎಂದು ಬರೆಸಿದಾಗ, ಇಲ್ಲ, ನಿಮ್ಮದು ಕನ್ನಡ ಎಂದು ತಿದ್ದುವ ಅಧಿಕಾರ ನಮಗೆಲ್ಲಿಂದ ಬಂತು? ತುಳುವನ್ನು ಕನ್ನಡದ ಉಪಭಾಷೆ ಎಂದರೆ ಕಾಸರಗೋಡಿನಲ್ಲಿ ಎಷ್ಟು ಮಂದಿ ಒಪ್ಪುತ್ತಾರೆ? ನಿಮ್ಮ ಹಿರಿಯರು ಯಾರಾದರೇನು, ಈಗ ನೀವು ಮಲೆಯಾಳಿಗಳೇ ಎಂದು ಯಾರಾದರೂ ಪ್ರೀತಿಯಿಂದಲೇ ಹೇಳಿದರೂ ನಾವು ಸುಮ್ಮನಿರುತ್ತೇವೆಯೆ? 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲೆಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಗಡಿನಾಡು ಎದ್ದು ನಿಂತದ್ದು ಮಲೆಯಾಳದ ಮೇಲಿನ ದ್ವೇಷದಿಂದಲ್ಲ. ನಮ್ಮ ಹೆಸರನ್ನು ನಾವೇ ಹೇಳಿಕೊಳ್ಳುತ್ತೇವೆ ಎಂಬ ಹಟದಿಂದ. ಆ ಹಟ ನಮಗೆ ನ್ಯಾಯವಾದರೆ ಬಡಗರಿಗೂ ನ್ಯಾಯ.

ಭಾಷೆಗಳ ನಡುವೆ ನಂಟಿರಬಹುದು. ನಂಟು ಒಡೆತನವಲ್ಲ. ಬಡಗ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಎಂಬುದನ್ನು ಭಾಷಾವಿಜ್ಞಾನ ಹೇಳಲಿ. ಆದರೆ ಆ ಮಾತನ್ನು ಆಡುವವರು ಯಾರು ಎಂಬುದನ್ನು ಆಡುವವರೇ ಹೇಳಬೇಕು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದಾಗಲೂ ಆಧಾರವಾಗಿ ನಿಂತದ್ದು ಇಲ್ಲಿಯ ಜನರ ರಕ್ತವಲ್ಲ, ಅವರು ಆಡುವ ನುಡಿ ಮತ್ತು ಅವರ ಇಚ್ಛೆ. ಆ ಶಿಫಾರಸು ಜಾರಿಯಾಗಲಿಲ್ಲ, ಅದು ಬೇರೆಯ ಮಾತು. ವಾದದ ತಳಹದಿಯನ್ನು ನಾವು ಬಿಡಬಾರದು. ನುಡಿಯ ಹಕ್ಕನ್ನು ರಕ್ತದ ಹೆಮ್ಮೆಯಾಗಿ ಮಾಡಿದ ದಿನ ನಮ್ಮ ಬೇಡಿಕೆಯ ನೈತಿಕ ಬಲ ಕರಗಿಹೋಗುತ್ತದೆ. ಏಕೆಂದರೆ ರಕ್ತದ ಲೆಕ್ಕದಲ್ಲಿ ಸಂಖ್ಯೆ ಹೆಚ್ಚಿದ್ದವನೇ ಗೆಲ್ಲುತ್ತಾನೆ, ಮತ್ತು ಇಲ್ಲಿ ಆ ಸಂಖ್ಯೆ ನಮ್ಮದಲ್ಲ.

ಯಾವ ಹೆಸರನ್ನೇ ಆಗಲಿ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಆ ಹೆಸರನ್ನು ಇಟ್ಟವರು ಯಾರು? ಅದರಿಂದ ಹೊತ್ತವನಿಗೆ ಸಿಗುವುದೇನು, ಕಳೆಯುವುದೇನು? ಬೇಡವೆಂದರೆ ಅದನ್ನು ಕೆಳಗಿಡಲು ಅವನಿಗೆ ಸಾಧ್ಯವಿದೆಯೆ? ‘ಅನುಸೂಚಿತ ಬುಡಕಟ್ಟು’ ಎಂಬ ಹೆಸರು ಕಚೇರಿ ಇಟ್ಟದ್ದು, ಆದರೆ ಅದು ಶಾಲೆಯ ಬಾಗಿಲನ್ನು ತೆರೆಯುತ್ತದೆ. ‘ಕಾಡುಜನ’ ಎಂಬ ಹೆಸರು ಬೀದಿ ಇಟ್ಟದ್ದು, ಯಾವ ಬಾಗಿಲನ್ನೂ ತೆರೆಯದು. ‘ಬಡಗ’ ಎಂಬುದು ಒಂದು ಕಾಲಕ್ಕೆ ಇತರರು ಇಟ್ಟದ್ದೇ ಇರಬಹುದು, ಇಂದು ಅದನ್ನು ಅವರೇ ಹೆಮ್ಮೆಯಿಂದ ಧರಿಸಿದ್ದಾರೆ. ಹಾಗಾದ ಮೇಲೆ ಅದು ಅವರ ಸ್ವಂತ ಹೆಸರೇ.

ಗಣತಿಯವರು ಮನೆಗೆ ಬಂದಾಗ, ಅಥವಾ ಮಗ ಮೊಬೈಲಿನಲ್ಲಿಯೇ ನಮೂನೆ ತುಂಬಲು ಕುಳಿತಾಗ, ಮಾತೃಭಾಷೆಯ ಕಾಲಮಿನಲ್ಲಿ ಮನೆಯಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತು ಯಾವುದೋ ಅದನ್ನೇ ಬರೆಸಬೇಕು. ಕನ್ನಡವಾದರೆ ಕನ್ನಡ, ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ಮರಾಟಿಯಾದರೆ ಮರಾಟಿ, ಬ್ಯಾರಿಯಾದರೆ ಬ್ಯಾರಿ. ಕನ್ನಡದ ಸಂಖ್ಯೆ ಹೆಚ್ಚಿಸಬೇಕೆಂದು ತುಳುವಿನವರಿಂದಲೋ ಕೊಂಕಣಿಯವರಿಂದಲೋ ಕನ್ನಡ ಬರೆಸುವುದೂ ಬೇಡ, ಜಂಜಾಟ ಬೇಡವೆಂದು ಮಲೆಯಾಳ ಬರೆಸುವುದೂ ಬೇಡ. ಕನ್ನಡ ಬಲ್ಲವರು ಗೊತ್ತಿರುವ ಇತರ ಭಾಷೆಗಳ ಕಾಲಮಿನಲ್ಲಿ ಅದನ್ನು ಮರೆಯದೆ ಬರೆಸಲಿ, ಅದಕ್ಕೆ ಎಡೆಯಿದೆ. ಮಂಜೂರಿನ ಮನೆಗಳಲ್ಲಿ ಬಡಗ ಎಂದು ಬರೆಸುವವರು ಹಾಗೆಯೇ ಬರೆಸಲಿ. ಅದರಿಂದ ಕನ್ನಡದ ಲೆಕ್ಕದಲ್ಲಿ ಒಂದು ಲಕ್ಷ ಚಿಲ್ಲರೆ ಕಡಮೆಯಾದರೂ ಕನ್ನಡ ಬಡವಾಗದು. ಚಿಕ್ಕ ನುಡಿಯವರ ಮಾತನ್ನು ದೊಡ್ಡ ನುಡಿಯವರು ಕೇಳಬೇಕೆಂದು ತಿರುವನಂತಪುರದ ಎದುರು ವಾದಿಸುವ ನಾವು, ಕುಂದೆ ನಾಡಿನವರ ಎದುರು ದೊಡ್ಡ ನುಡಿಯವರಾಗುತ್ತೇವೆ ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು.